ಬಳಿದು ಮುಚ್ಚಿದ ತೇವ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಳೆ ಹಿಂದೆ ಸರಿಯುತ್ತಿದ್ದಂತೆ ಮನೆಮನೆಯಲ್ಲೂ ಗೋಡೆ ಕೆರೆಯುವ ಸದ್ದು ಶುರುವಾಗುತ್ತದೆ. ದೀಪಾವಳಿಯೊಳಗೆ ಬೂಷ್ಟಿನ ಕಪ್ಪು ಉಜ್ಜಿ, ಉಬ್ಬಿದ ಪುಟ್ಟಿ ಉದುರಿಸಿ, ಡಬ್ಬಿಯ ಮೇಲೆ ವಾಟರ್‌ಪ್ರೂಫ್ ಎಂದು ಬರೆದ ಯಾವುದಾದರೊಂದನ್ನು ಎರಡು ಕೋಟ್ ಹೊಡೆಸುತ್ತಾರೆ. ಮುಂದಿನ ಆಷಾಢಕ್ಕೆ ಅದೇ ಗೋಡೆ, ಅದೇ ಜಾಗ, ಅದೇ ಎತ್ತರದಲ್ಲಿ ಮತ್ತೆ ಉಬ್ಬುತ್ತದೆ. ಆಗ ಇನ್ನೂ ದುಬಾರಿಯ ಡಬ್ಬಿ ಬರುತ್ತದೆ. ಈ ಖರ್ಚಿನ ಹಿಂದೆ ಒಂದು ಗಟ್ಟಿ ನಂಬಿಕೆ ಕುಳಿತಿದೆ. ಮನೆಯ ತೇವ ಎಂದರೆ ಹೊರಗಿನ ಮಳೆ ಗೋಡೆಯೊಳಗೆ ನುಗ್ಗಿದ್ದು, ಗೋಡೆಯ ಮೈಯನ್ನು ನೀರು ಹೋಗದ ಹಾಗೆ ಮುಚ್ಚಿಬಿಟ್ಟರೆ ಕೆಲಸ ಮುಗಿಯಿತು ಎಂಬುದು ಆ ನಂಬಿಕೆ. ಮನೆಯವರು, ಮೇಸ್ತ್ರಿಗಳು, ಇಂಜಿನಿಯರುಗಳು, ಅಂಗಡಿಯವರು ಎಲ್ಲರೂ ಇದನ್ನು ಒಪ್ಪಿಕೊಂಡಿದ್ದಾರೆ. ಇದು ತಪ್ಪು, ಮತ್ತು ಮಲೆನಾಡಿನ ಮನೆಗಳು ಬೇಗ ಹಾಳಾಗುವುದಕ್ಕೆ ಮಳೆಯಷ್ಟೇ ಇದೂ ಕಾರಣ.

ಈಚೆಗೆ ಈ ನಂಬಿಕೆಗೆ ಒಂದು ಹೊಸ ಆಸರೆ ಸಿಕ್ಕಿದೆ. ಕೈಯಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದು ಬರುವವರು ಗೋಡೆಯೊಳಗಿನ ನೀರನ್ನು ಕಣ್ಣಿಗೆ ತೋರಿಸುತ್ತೇವೆ ಎನ್ನುತ್ತಾರೆ. ಪರದೆಯ ಮೇಲೆ ನೀಲಿ ಕಂಡ ಕಡೆಯೆಲ್ಲ ನೀರು ಎಂದು ಬೆರಳಿಟ್ಟು, ಅದೇ ಸಂಜೆ ಕೋಟಿಂಗಿನ ಅಂದಾಜು ಪಟ್ಟಿ ಕೊಡುತ್ತಾರೆ. ಕ್ಯಾಮೆರಾದ ಮೇಲೆ ನನಗೆ ದೂರಿಲ್ಲ. ಕಟ್ಟಡದ ತೇವ ಹುಡುಕಲು ಗೋಡೆ ಒಡೆಯದೆ ಇಷ್ಟು ವಿಸ್ತಾರವಾಗಿ ನೋಡಬಲ್ಲ ಇನ್ನೊಂದು ಸಾಧನವನ್ನು ನಾನು ಕಾಣೆ. ನನ್ನ ತಕರಾರು ಅದನ್ನು ಬಳಿಯುವವರ ಸೇವೆಗೆ ಹಚ್ಚಿರುವುದರ ಬಗ್ಗೆ. ನೀರು ಯಾವ ದಾರಿಯಲ್ಲಿ ಬಂತೆಂದು ಗೊತ್ತಾಗುವ ತನಕ ಇಲ್ಲಿನ ಯಾವ ಗೋಡೆಗೂ ಏನನ್ನೂ ಬಳಿಯಬಾರದು. ಆ ದಾರಿಯನ್ನು ಹುಡುಕುವುದೇ ಕ್ಯಾಮೆರಾದ ನಿಜವಾದ ಕೆಲಸ, ಮತ್ತು ಅದು ನಮ್ಮ ಹವೆಯನ್ನು ಬಲ್ಲವರ ಕೈಯಲ್ಲಿ, ಸರಿಯಾದ ತಿಂಗಳಲ್ಲಿ, ಸರಿಯಾದ ಹೊತ್ತಿನಲ್ಲಿ ಮಾತ್ರ ಆಗುವ ಕೆಲಸ.

ಮೊದಲು ಮಳೆಯ ಲೆಕ್ಕ ನೋಡಿ. ಶೃಂಗೇರಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆಯಾಗುವುದು ಹೊಸತೇನಲ್ಲ. ಕೊಪ್ಪದಲ್ಲಿ ಅದು ಕಡಿಮೆ. ಭದ್ರಾ ಹಿನ್ನೀರಿನ ಪಕ್ಕದ ನರಸಿಂಹರಾಜಪುರಕ್ಕೆ ಬರುವಷ್ಟರಲ್ಲಿ ಅರ್ಧದ ಆಸುಪಾಸಿಗೆ ಇಳಿದಿರುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶೃಂಗೇರಿಯಲ್ಲಿ ನೂರು ಚದರ ಮೀಟರಿನ ಮಾಡಿನಿಂದ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ನೀರು ಇಳಿಯುತ್ತದೆ. ಸೂರಿನಿಂದ ಬಿದ್ದ ಈ ನೀರು ಗೋಡೆಯ ಬುಡದಲ್ಲೇ ಇಂಗುತ್ತಿದ್ದರೆ, ಗೋಡೆಯ ಮೈಗೆ ಅಂಟಿದ ಅರ್ಧ ಮಿಲಿಮೀಟರ್ ದಪ್ಪದ ಪದರ ಅದನ್ನು ಏನು ಮಾಡೀತು? ನೀರು ಪಂಚಾಂಗದ ಕೆಳಗಿನಿಂದ ಏರುತ್ತದೆ. ಜಂಬಿಟ್ಟಿಗೆ ಕಲ್ಲಿನ ಮೈತುಂಬ ರಂಧ್ರ, ಮಣ್ಣಿನ ಗೋಡೆಯೂ ಹಾಗೆಯೇ. ಅವು ಬುಡದ ನೀರನ್ನು ತಾವಾಗಿ ಮೇಲಕ್ಕೆ ಹೀರುತ್ತವೆ. ಸುಣ್ಣದ ಗೋಡೆಯಾದರೆ ಮೇಲೇರಿದ ನೀರು ಒಂದೆರಡು ಅಡಿಯಲ್ಲೇ ಗಾಳಿಗೆ ಆರಿಹೋಗುತ್ತಿತ್ತು. ಮೈ ಮುಚ್ಚಿದ ಗೋಡೆಯಲ್ಲಿ ಆರಲು ದಾರಿ ಇಲ್ಲದ ನೀರು ಇನ್ನೂ ಮೇಲಕ್ಕೆ ಹೋಗುತ್ತದೆ. ಎರಡು ಅಡಿ ಇದ್ದ ತೇವ ಕೋಟಿಂಗ್ ಆದ ಮೇಲೆ ನಾಲ್ಕು ಅಡಿಗೆ ಏರಿತು ಎಂದು ಜನ ಹೇಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಕೋಟಿಂಗ್ ಸಾಲಲಿಲ್ಲ ಎಂದು ಅವರು ತಿಳಿದುಕೊಂಡಿದ್ದಾರೆ. ಏರಿಸಿದ್ದೇ ಕೋಟಿಂಗ್.

ಧರೆ ಕಡಿದು ಕಟ್ಟಿದ ಮನೆಗಳಲ್ಲಿ ಈ ತಪ್ಪು ಇನ್ನೂ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ಸಪಾಟು ನೆಲ ಕಡಿಮೆ, ಗುಡ್ಡದ ಇಳುಕಲನ್ನು ಕಡಿದು ಮನೆ ಮಾಡುವುದು ಅನಿವಾರ್ಯ. ಹಿಂದಿನವರು ಧರೆಗೂ ಹಿಂಗೋಡೆಗೂ ನಡುವೆ ಆಳು ಓಡಾಡುವಷ್ಟು ಜಾಗ ಬಿಟ್ಟು, ಅಲ್ಲಿ ಚರಂಡಿ ತೋಡಿ, ಪ್ರತಿ ವರ್ಷ ಮಳೆಗೆ ಮುಂಚೆ ಅದರ ಹೂಳು ತೆಗೆಯುತ್ತಿದ್ದರು. ಈಗ ಜೆಸಿಬಿ ತಂದು ಧರೆ ಕಡಿದು, ಜಾಗ ಉಳಿಸಲು ಗೋಡೆಯನ್ನು ಧರೆಗೇ ಒತ್ತಿ ಕಟ್ಟುತ್ತಾರೆ. ಪುನರ್ವಸು, ಪುಷ್ಯದ ಹೊತ್ತಿಗೆ ಗುಡ್ಡ ನೀರು ಕುಡಿದು ತುಂಬಿರುತ್ತದೆ, ಒಸರು ಏಳುತ್ತದೆ, ಆ ನೀರು ಹಿಂಗೋಡೆಯನ್ನು ಹೊರಗಿನಿಂದ ಒತ್ತುತ್ತದೆ. ಮನೆಯವರು ಒಳಮೈಗೆ ಪೇಂಟ್ ಬಳಿಯುತ್ತಾರೆ. ಹಿಂದಿನಿಂದ ಒತ್ತುವ ನೀರು ಆ ಪದರವನ್ನು ಗುಳ್ಳೆಯೆಬ್ಬಿಸಿ ಕಿತ್ತು ಹಾಕುತ್ತದೆ. ಇಂಥ ಮನೆಯ ಹಿಂಗೋಡೆಯನ್ನು ಡಿಸೆಂಬರಿನ ಒಂದು ಬೆಳಿಗ್ಗೆ ಕ್ಯಾಮೆರಾದಲ್ಲಿ ನೋಡಿದರೆ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ನೆಲದಿಂದ ಶುರುವಾದ ತಂಪಿನ ಪಟ್ಟಿ ಹಿಂಗೋಡೆಯ ಉದ್ದಕ್ಕೂ ಹಬ್ಬಿರುತ್ತದೆ, ಧರೆ ಮುಟ್ಟದ ಅಕ್ಕಪಕ್ಕದ ಗೋಡೆಗಳಲ್ಲಿ ಅದು ಇರುವುದಿಲ್ಲ, ಮೇಲಿನ ಮಾಡಿಗೂ ಅದಕ್ಕೂ ಸಂಬಂಧವೇ ಕಾಣುವುದಿಲ್ಲ. ಆ ಚಿತ್ರ ನೋಡಿದ ಮೇಲೆ ದುಡ್ಡು ಹಾಕಬೇಕಾದ್ದು ಪೇಂಟಿಗಲ್ಲ, ಹಿಂದಿನ ಚರಂಡಿಗೆ ಎಂದು ಯಾರಿಗಾದರೂ ತಿಳಿಯುತ್ತದೆ.

ತೇವದ ಆಕಾರವೇ ಅದರ ಹುಟ್ಟನ್ನು ಹೇಳುತ್ತದೆ. ನೆಲದಿಂದ ಎದ್ದ ಅಗಲವಾದ ಪಟ್ಟಿ ಕೆಳಗಿನ ನೀರು. ಮಾಡು ಮತ್ತು ಗೋಡೆ ಕೂಡುವಲ್ಲಿ ಸಣ್ಣದಾಗಿ ಶುರುವಾಗಿ ಕೆಳಗೆ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ ಅದು ಸೋರಿಕೆ. ಪಡುವಣ ಗೋಡೆಯಲ್ಲಿ ಮಾತ್ರ, ಕಿಟಕಿಯ ಸುತ್ತ ಹೆಚ್ಚು ಇದ್ದರೆ ಇರಚಲು. ಸೋಲಾರ್ ಹೀಟರಿನ ಬಿಸಿನೀರ ಪೈಪು ಗೋಡೆಯೊಳಗೆ ಒಡೆದಿದ್ದರೆ ಹುಡುಕುವುದು ಎಲ್ಲಕ್ಕಿಂತ ಸುಲಭ. ಹತ್ತು ನಿಮಿಷ ಬಿಸಿನೀರು ಬಿಟ್ಟು ನೋಡಿದರೆ ಪೈಪಿನ ಗೆರೆಯ ಮೇಲೆ ಒಂದೆಡೆ ಬಿಸಿ ಹರಡಿಕೊಂಡಿರುತ್ತದೆ. ಮೂಲೆಗಳಲ್ಲಿ, ಬೀರುವಿನ ಹಿಂದೆ, ಮಂಚದ ತಲೆಗೋಡೆಯಲ್ಲಿ ಬೂಷ್ಟು ಕಂಡರೆ ನೀರು ಹೊರಗಿನದೇ ಅಲ್ಲ. ಈ ಕೊನೆಯದನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಗಾಳಿಯಲ್ಲಿ ನೀರಾವಿ ಇರುತ್ತದೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವ ಹಾಗೆ, ಆ ಆವಿ ತಂಪಾದ ಗೋಡೆಗೆ ತಾಗಿದಲ್ಲಿ ನೀರಾಗುತ್ತದೆ. ಎಷ್ಟು ತಂಪಾದರೆ ನೀರಾಗುತ್ತದೆ ಎನ್ನುವುದಕ್ಕೆ ಇಬ್ಬನಿ ಬಿಂದು ಎಂಬ ಅಳತೆ ಇದೆ. ಮನೆಯೊಳಗಿನ ಗಾಳಿ 24 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇಕಡಾ 90 ಇದ್ದರೆ ಇಬ್ಬನಿ ಬಿಂದು ಸುಮಾರು 22.3 ಡಿಗ್ರಿ. ಅಂದರೆ ಗೋಡೆ ಗಾಳಿಗಿಂತ ಎರಡು ಡಿಗ್ರಿ ತಣ್ಣಗಿದ್ದರೂ ಸಾಕು, ಹೊರಗಿನ ಒಂದು ಹನಿಯೂ ಒಳಗೆ ಬರದೆ ಅದು ಒದ್ದೆಯಾಗುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಮನೆಗಳ ಹವೆ ಹೆಚ್ಚುಕಡಿಮೆ ಇದೇ. ಬೂಷ್ಟು ಬೆಳೆಯಲು ಅಷ್ಟು ಒದ್ದೆಯೂ ಬೇಕಿಲ್ಲ, ಗೋಡೆಯ ಮೈಗೆ ತಾಗಿದ ಗಾಳಿಯ ಆರ್ದ್ರತೆ ಶೇಕಡಾ 80ರ ಮೇಲೆ ಕೆಲವು ದಿನ ನಿಂತರೆ ಸಾಕು. ಬೀರುವಿನ ಹಿಂದೆ ಗಾಳಿ ಆಡದ ಕಾರಣ ಅಲ್ಲಿ ಮೊದಲು ಬರುತ್ತದೆ. ಮಳೆ ಬಿಟ್ಟು ಒಂದು ದಿನ ಸೆಕೆಯ ಗಾಳಿ ಒಳಗೆ ಬಂದಾಗ ಟೈಲ್ಸ್ ನೆಲ ಕಾಲು ಜಾರುವಷ್ಟು ಬೆವರುವುದೂ ಇದೇ ಕಾರಣಕ್ಕೆ. ಈ ನೀರಿಗೆ ಹೊರಗೋಡೆಯ ವಾಟರ್‌ಪ್ರೂಫ್ ಪೇಂಟ್ ಏನೂ ಮಾಡಲಾರದು. ಹಿಂದೆ ಸುಣ್ಣ ಬಳಿದ ಗೋಡೆ ಆ ತೇವವನ್ನು ಹೀರಿಟ್ಟುಕೊಂಡು ಬಿಸಿಲು ಬಂದ ದಿನ ಬಿಟ್ಟುಕೊಡುತ್ತಿತ್ತು, ಸುಣ್ಣದ ಕ್ಷಾರಕ್ಕೆ ಬೂಷ್ಟೂ ಬೇಗ ಹತ್ತುತ್ತಿರಲಿಲ್ಲ. ನುಣುಪಾದ ಪ್ಲಾಸ್ಟಿಕ್ ಪೇಂಟಿನ ಮೇಲೆ ಅದು ಹನಿಯಾಗಿ ನಿಲ್ಲುತ್ತದೆ.

ಹಾಗಾದರೆ ಹಿಂದೆ ಯಾಕೆ ಹೀಗಿರಲಿಲ್ಲ? ಮಳೆ ಆಗಲೂ ಇತ್ತು. ಕಿಗ್ಗದ ಋಷ್ಯಶೃಂಗನಿಗೆ ಮಳೆ ಬರಲೆಂದು ಹರಕೆ ಹೊತ್ತ ಜನವೇ ಮಳೆ ನಿಲ್ಲಲೆಂದೂ ಹರಕೆ ಹೊರುತ್ತಿದ್ದ ಸೀಮೆ ಇದು. ವ್ಯತ್ಯಾಸ ಬೆಂಕಿಯಲ್ಲಿದೆ. ಅಡುಗೆಮನೆಯ ಒಲೆ, ಬಚ್ಚಲಿನ ಹಂಡೆಯೊಲೆ ಮಳೆಗಾಲವಿಡೀ ಉರಿಯುತ್ತಿದ್ದವು. ಅದರ ಬಿಸಿ ಅಟ್ಟಕ್ಕೆ ಏರಿ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು, ಹೋಗುವಾಗ ತೇವವನ್ನೂ ಎಳೆದುಕೊಂಡು ಹೋಗುತ್ತಿತ್ತು. ಶೇಕಡಾ 90ರ ಆರ್ದ್ರತೆಯ 24 ಡಿಗ್ರಿ ಗಾಳಿಯನ್ನು ಬರೀ ನಾಲ್ಕು ಡಿಗ್ರಿ ಬಿಸಿ ಮಾಡಿದರೆ ಅದರ ಆರ್ದ್ರತೆ 71ಕ್ಕೆ ಇಳಿಯುತ್ತದೆ. ಬೂಷ್ಟು ಬೆಳೆಯುವ ಗೆರೆಯ ಕೆಳಗೆ. ಒಲೆ ಮಾಡುತ್ತಿದ್ದ ಕೆಲಸ ಅಷ್ಟು ದೊಡ್ಡದು. ಈಗ ಗ್ಯಾಸ್ ಬಂದಿದೆ. ಗ್ಯಾಸ್ ಉರಿದಾಗ ನೀರಾವಿ ಹುಟ್ಟುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಸುಮಾರು 22 ಲೀಟರ್ ನೀರು ಆವಿಯಾಗಿ ಅಡುಗೆಮನೆಯ ಗಾಳಿ ಸೇರಿರುತ್ತದೆ. ಸೌದೆಯಲ್ಲೂ ನೀರಾವಿ ಹುಟ್ಟುತ್ತಿತ್ತು, ಆದರೆ ಅದಕ್ಕೆ ಹೊರಗೆ ಹೋಗಲು ಬಿಸಿಯೂ ಇತ್ತು, ಸಂದಿಯೂ ಇತ್ತು. ಇಂದಿನ ಮನೆಗೆ ಸಂದಿಯಿಲ್ಲದ ತಾರಸಿ, ಇರಚಲಿಗೆ ಹೆದರಿ ಮುಚ್ಚಿದ ಕಿಟಕಿ, ನಡುಮನೆಯಲ್ಲಿ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ. ಇಷ್ಟೆಲ್ಲ ನೀರು ಒಳಗೇ ಹುಟ್ಟುತ್ತಿರುವಾಗ ಹೊರಗೋಡೆಗೆ ಬಳಿಯುವುದರಲ್ಲಿ ಅರ್ಥವಿಲ್ಲ.

ಹೊಗೆಗೆ ಮರಳಿ ಎಂದು ನಾನು ಹೇಳುತ್ತಿಲ್ಲ. ಆ ಹೊಗೆ ನಮ್ಮ ತಾಯಂದಿರ ಎದೆ ಸುಟ್ಟಿದೆ, ಅದನ್ನು ಹೊಗಳುವವರ ಮಾತು ನನಗೆ ಸೇರುವುದಿಲ್ಲ. ಆದರೆ ಹೊಗೆ ಬೇರೆ, ಬಿಸಿ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆಗೆ ಹೊಗೆ ಕೊಳವೆ ಇತ್ತು. ಬಚ್ಚಲಿನ ಒಲೆಯನ್ನು ಕೊಳವೆಯೊಂದಿಗೆ ಉಳಿಸಿಕೊಂಡ ಮನೆಗಳು, ಅಡುಗೆಯ ಆವಿಯನ್ನು ಫ್ಯಾನ್ ಇಟ್ಟು ನೇರ ಹೊರಗೆ ಕಳಿಸುವ ಮನೆಗಳು, ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಿಟ್ಟ ಮನೆಗಳು ಡಬ್ಬಿಗಟ್ಟಲೆ ಪೇಂಟ್ ಬಳಿದವರಿಗಿಂತ ಒಣಗಿರುತ್ತವೆ.

ಬಳಿಯುವ ನಂಬಿಕೆಯ ಅತಿ ಕೆಟ್ಟ ಫಲ ಮಣ್ಣಿನ ಮನೆಗಳ ಮೇಲೆ ಆಗಿದೆ. ಥಂಡಿ ತಡೆಯಲೆಂದು ತೊಟ್ಟಿಮನೆಗಳ ಮಣ್ಣಿನ ಗೋಡೆಗೆ ಸಿಮೆಂಟ್ ಸಾರಣೆ ಮಾಡಿಸುವುದು ಈ ಮೂರೂ ತಾಲ್ಲೂಕುಗಳಲ್ಲಿ ಸಾಮಾನ್ಯ. ಮಣ್ಣು ತೇವ ಹೀರಿ ಹಿಗ್ಗುತ್ತದೆ, ಆರಿ ಕುಗ್ಗುತ್ತದೆ. ಸಿಮೆಂಟ್ ಅದರ ಜೊತೆ ಹಿಗ್ಗದೆ ಸಣ್ಣಗೆ ಬಿರಿಯುತ್ತದೆ. ಕೂದಲೆಳೆಯ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಬರಲು ಸಿಮೆಂಟ್ ಬಿಡುವುದಿಲ್ಲ. ಸಾರಣೆಯ ಹಿಂದೆ ಮಣ್ಣು ಕೆಸರಾಗುತ್ತಾ ಹೋಗುತ್ತದೆ, ತೊಲೆಯ ತುದಿ ಕುಂಬಾಗುತ್ತದೆ, ಗೆದ್ದಲು ಬರುತ್ತದೆ, ಹೊರಗೆ ಮಾತ್ರ ಗೋಡೆ ಗಟ್ಟಿಯಾಗಿಯೇ ಕಾಣುತ್ತಿರುತ್ತದೆ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಮಣ್ಣು ಮತ್ತು ಹುಲ್ಲು ಕಲಸಿ ಕಟ್ಟಿದ ಶತಮಾನಗಳ ಹಳೆಯ ಮನೆಗಳಿವೆ. ಸಿಮೆಂಟ್ ಸಾರಣೆಯಾದ ಮೇಲೆ ಅವುಗಳಲ್ಲಿ ಕೆಲವು ಇದೇ ರೀತಿ ಒಳಗೊಳಗೆ ನೆನೆದು ಕುಸಿದವು, ಆ ಅನುಭವದ ನಂತರ ಅಲ್ಲಿನ ಸಂರಕ್ಷಕರು ಸುಣ್ಣದ ಸಾರಣೆಗೆ ಮರಳಿದರು. ನಮ್ಮಲ್ಲಿ ಮಣ್ಣಿನ ಗೋಡೆ ಕುಸಿದ ಸುದ್ದಿ ಬಂದಾಗಲೆಲ್ಲ ಮಣ್ಣನ್ನು ದೂರುತ್ತಾರೆ. ಸೂರು ಎಷ್ಟು ಕತ್ತರಿಸಿತ್ತು, ಹಂಚು ಎಷ್ಟು ವರ್ಷದಿಂದ ಕೈಯಾಡಿಸಿರಲಿಲ್ಲ, ಗೋಡೆಯ ಮೇಲೆ ಯಾವ ಸಾರಣೆ ಇತ್ತು, ಮಳೆಗಾಲದಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುವುದನ್ನು ಯಾವಾಗ ಬಿಟ್ಟರು ಎಂದು ಕೇಳುವವರಿಲ್ಲ. ಕೆಲವು ಹಳೆಯ ಮನೆಗಳು ನಿಜಕ್ಕೂ ಅಪಾಯದಲ್ಲಿವೆ, ಅವನ್ನು ಬಿಚ್ಚಲೇಬೇಕು. ಯಾವುದನ್ನು ಬಿಚ್ಚಬೇಕು, ಯಾವುದನ್ನು ಉಳಿಸಬಹುದು ಎಂದು ಹೇಳಲು ಸಾರಣೆಯ ಹಿಂದೆ ಏನಾಗಿದೆ ಎಂದು ನೋಡಬೇಕು. ಸಾರಣೆ ಗೋಡೆಯನ್ನು ಬಿಟ್ಟು ಟೊಳ್ಳಾದ ಕಡೆ ಬಿಸಿಲಿಗೆ ಬೇಗ ಕಾಯುತ್ತದೆ, ಹಿಂದೆ ನೀರಿರುವ ಕಡೆ ನಿಧಾನವಾಗಿ ಕಾಯುತ್ತದೆ. ಕ್ಯಾಮೆರಾದಲ್ಲಿ ಎರಡೂ ಬೇರೆಬೇರೆಯಾಗಿ ಕಾಣುತ್ತವೆ.

ತಾರಸಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬವರು ಕೊಪ್ಪದ ಪೇಟೆಯಲ್ಲಿ ತಲೆ ಎತ್ತಿ ನೋಡಲಿ. ಚಪ್ಪಟೆ ತಾರಸಿಯ ಮನೆಗಳ ಮೇಲೆ ಸಾಲುಸಾಲಾಗಿ ಶೀಟಿನ ಇಳಿಜಾರು ಮಾಡು ನಿಂತಿದೆ. ಲಕ್ಷಗಟ್ಟಲೆ ಖರ್ಚು ಮಾಡಿ ತಾರಸಿ ಹಾಕಿ, ಎರಡು ಮಳೆಗಾಲ ಸೋರಿಸಿಕೊಂಡು, ಮತ್ತೆ ಖರ್ಚು ಮಾಡಿ ಅದಕ್ಕೊಂದು ಮಾಡು ಕಟ್ಟಿದ್ದಾರೆ. ಚಿತ್ರದುರ್ಗಕ್ಕೂ ಶೃಂಗೇರಿಗೂ ಒಂದೇ ನಕ್ಷೆ ಹಂಚುವ ವಸತಿ ಯೋಜನೆಗಳ ಮನೆಯಲ್ಲಿರುವವರಿಗೆ ಆ ಶೀಟಿಗೂ ಶಕ್ತಿಯಿಲ್ಲ, ಅವರು ತಾರಸಿಯ ಮೇಲೆ ಟಾರ್ಪಾಲು ಹಾಸಿ ಕಲ್ಲಿಡುತ್ತಾರೆ. ತುಂಗೆಯ ದಡದಲ್ಲಿ ಹದಿನಾಲ್ಕನೇ ಶತಮಾನದ ವಿದ್ಯಾಶಂಕರ ದೇವಾಲಯವನ್ನು ಕಟ್ಟಿದವರು ಅದನ್ನು ಎತ್ತರದ ಜಗತಿಯ ಮೇಲೆ ನಿಲ್ಲಿಸಿದರು. ಮನೆ ಕಟ್ಟಿದವರು ಪಂಚಾಂಗ ಎತ್ತರಿಸಿ, ಸೂರನ್ನು ಗೋಡೆಯಿಂದ ದೂರಕ್ಕೆ ಚಾಚಿದರು. ನೀರನ್ನು ಗೋಡೆಯ ಹತ್ತಿರ ಬರಗೊಡದೆ ಬೇರೆ ದಾರಿ ತೋರಿಸುವುದು ಅವರ ಕ್ರಮ. ನೀರನ್ನು ಗೋಡೆಯ ತನಕ ಬರಲು ಬಿಟ್ಟು ಅಲ್ಲಿ ಪದರ ಬಳಿದು ತಡೆಯುವುದು ನಮ್ಮದು.

ಇನ್ನು ಕ್ಯಾಮೆರಾದ ಹೆಸರಿನಲ್ಲಿ ನಡೆಯುತ್ತಿರುವುದಕ್ಕೆ ಬರುತ್ತೇನೆ. ಥರ್ಮಲ್ ಕ್ಯಾಮೆರಾ ಗೋಡೆಯೊಳಗೆ ನೋಡುವುದಿಲ್ಲ. ನೀರನ್ನೂ ನೋಡುವುದಿಲ್ಲ. ಎಲ್ಲ ವಸ್ತುಗಳೂ ತಮ್ಮ ಬಿಸಿಗೆ ತಕ್ಕಂತೆ ಕಣ್ಣಿಗೆ ಕಾಣದ ಅವಕೆಂಪು ಕಿರಣ ಸೂಸುತ್ತವೆ, ನಮ್ಮ ಗೋಡೆಗಳ ಬಿಸಿಯಲ್ಲಿ ಅದು ಹತ್ತು ಮೈಕ್ರೋಮೀಟರ್ ಆಸುಪಾಸಿನ ಅಲೆ. ಕ್ಯಾಮೆರಾ ಅದನ್ನು ಹಿಡಿದು ಗೋಡೆಯ ಮೈಯ ಉಷ್ಣತೆಯನ್ನು ಬಣ್ಣಗಳಲ್ಲಿ ತೋರಿಸುತ್ತದೆ, ಅಷ್ಟೇ. ವಿಲಿಯಂ ಹರ್ಷೆಲ್ 1800ರಲ್ಲಿ ಈ ಕಿರಣಗಳನ್ನು ಕಂಡುಹಿಡಿದರು. ಅವರ ಮಗ ಜಾನ್ ಹರ್ಷೆಲ್ 1840ರಲ್ಲಿ ಮದ್ಯಸಾರದಲ್ಲಿ ನೆನೆದ ಕಾಗದ ಎಲ್ಲಿ ಬೇಗ ಆರುತ್ತದೆ, ಎಲ್ಲಿ ನಿಧಾನ ಎಂಬುದರಿಂದ ಬಿಸಿಯ ಮೊದಲ ಚಿತ್ರ ಪಡೆದರು. ನಮ್ಮ ಕೆಲಸಕ್ಕೂ ಆರುವಿಕೆಯೇ ಆಧಾರ. ಒಂದು ಲೀಟರ್ ನೀರು ಆರಬೇಕಾದರೆ ಸುಮಾರು 2,400 ಕಿಲೋಜೌಲ್ ಶಾಖ ಬೇಕು, ಸಾವಿರ ವ್ಯಾಟಿನ ಹೀಟರನ್ನು ನಲವತ್ತು ನಿಮಿಷ ಉರಿಸಿದಷ್ಟು. ಅದನ್ನು ನೀರು ಗೋಡೆಯಿಂದಲೇ ಎಳೆದುಕೊಳ್ಳುತ್ತದೆ, ಆದ್ದರಿಂದ ಒದ್ದೆ ಜಾಗ ತಂಪಾಗಿ ಕಾಣುತ್ತದೆ.

ಈಗ ಜುಲೈ ತಿಂಗಳ ಶೃಂಗೇರಿಯನ್ನು ನೆನೆಯಿರಿ. ಗಾಳಿ ನೀರಾವಿಯಿಂದ ತುಂಬಿ ತುಳುಕುತ್ತಿದೆ, ವಾರಗಟ್ಟಲೆ ಬಿಸಿಲಿಲ್ಲ. ಯಾವ ಗೋಡೆಯಿಂದಲೂ ನೀರು ಆರುತ್ತಿಲ್ಲ. ಆರದಿದ್ದರೆ ತಂಪಿಲ್ಲ, ತಂಪಿಲ್ಲದಿದ್ದರೆ ಚಿತ್ರದಲ್ಲಿ ಏನೂ ಇಲ್ಲ. ತೊಯ್ದು ತೊಪ್ಪೆಯಾದ ಗೋಡೆಯೂ ಒಣ ಗೋಡೆಯೂ ಒಂದೇ ಬಣ್ಣದಲ್ಲಿ ಕಾಣುತ್ತವೆ. ತೇವ ಅತಿ ಹೆಚ್ಚಿರುವ ತಿಂಗಳಲ್ಲೇ ಕ್ಯಾಮೆರಾ ಅತಿ ಕಡಿಮೆ ನೋಡುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಕಟ್ಟಡಗಳನ್ನು ಹೀಗೆ ಪರೀಕ್ಷಿಸುವ ಕ್ರಮ ಬೆಳೆದದ್ದು ಚಳಿ ದೇಶಗಳಲ್ಲಿ. ಸ್ವೀಡನ್ನಿನ ಆಗಾ ಕಂಪನಿ 1965ರಲ್ಲಿ ವಿದ್ಯುತ್ ಲೈನುಗಳ ತಪಾಸಣೆಗೆ ಇಂಥ ಕ್ಯಾಮೆರಾ ಮಾರುಕಟ್ಟೆಗೆ ತಂದಿತು. 1973ರ ತೈಲ ಬಿಕ್ಕಟ್ಟಿನ ನಂತರ ಬಿಸಿ ಮಾಡಿದ ಮನೆಗಳಿಂದ ಶಾಖ ಎಲ್ಲಿ ಸೋರುತ್ತದೆಂದು ಹುಡುಕಲು ಅದರ ಬಳಕೆ ಹೆಚ್ಚಿತು. ಅಲ್ಲಿನ ಕೈಪಿಡಿಗಳು ಒಳಗೂ ಹೊರಗೂ ಹತ್ತು ಡಿಗ್ರಿಯಾದರೂ ವ್ಯತ್ಯಾಸ ಇರಲಿ ಎನ್ನುತ್ತವೆ. ನಮ್ಮಲ್ಲಿ ಮಳೆಗಾಲದಲ್ಲಿ ಆ ವ್ಯತ್ಯಾಸ ಎರಡು ಮೂರು ಡಿಗ್ರಿ ದಾಟುವುದು ಕಷ್ಟ. ಕಾಡಾನೆ ಹುಡುಕಲು ರಾತ್ರಿ ಹಾರಿಸುವ ಥರ್ಮಲ್ ಡ್ರೋನಿನ ಚಿತ್ರವನ್ನು ಫೋನಿನಲ್ಲಿ ನೋಡಿದವರಿಗೆ ಗೋಡೆಯ ನೀರೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ ಅನ್ನಿಸಬಹುದು. ಆನೆಯ ಬಿಸಿ ಮೈಗೂ ತಣ್ಣನೆ ಕಾಡಿಗೂ ಹಲವು ಡಿಗ್ರಿ ಅಂತರ. ಗೋಡೆಯಲ್ಲಿ ನಾವು ಹುಡುಕುವುದು ಅರ್ಧ ಡಿಗ್ರಿ, ಒಂದು ಡಿಗ್ರಿಯ ಅಂತರವನ್ನು.

ಬಣ್ಣಗಳು ಮೋಸ ಮಾಡುವುದು ಇಲ್ಲಿಯೇ. ಎದುರಿಗಿರುವ ಗೋಡೆಯಲ್ಲಿ ಒಂದೇ ಡಿಗ್ರಿ ವ್ಯತ್ಯಾಸವಿದ್ದರೂ ಕ್ಯಾಮೆರಾ ತಾನಾಗಿ ಅದನ್ನು ಕಡುನೀಲಿಯಿಂದ ಕೆಂಪಿನ ತನಕ ಹಿಗ್ಗಿಸಿ ತೋರಿಸುತ್ತದೆ. ಪರದೆಯ ಪಕ್ಕದ ಅಳತೆಪಟ್ಟಿ ನೋಡದವರಿಗೆ ಗೋಡೆ ಮುಳುಗಿಹೋದಂತೆ ಕಾಣುತ್ತದೆ. ಗೋಡೆಯೊಳಗಿನ ಕಾಂಕ್ರೀಟ್ ಕಂಬ ಇಟ್ಟಿಗೆಗಿಂತ ಬೇರೆ ಬಣ್ಣದಲ್ಲಿ ಬರುತ್ತದೆ, ಅದು ನೀರಲ್ಲ. ಮನೆಯ ಮೂಲೆ ಯಾವಾಗಲೂ ಸ್ವಲ್ಪ ತಂಪು, ಅದೂ ನೀರಲ್ಲ. ಹೊಳೆಯುವ ಶೀಟಿನ ಮಾಡು ತನ್ನ ಬಿಸಿಯನ್ನು ತೋರಿಸದೆ ಆಕಾಶದ ತಂಪನ್ನು ಪ್ರತಿಫಲಿಸುತ್ತದೆ, ಕಿಟಕಿಯ ಗಾಜು ನಿಮ್ಮ ಮುಖದ ಬಿಸಿಯನ್ನೇ ನಿಮಗೆ ತೋರಿಸುತ್ತದೆ. ತಂಪು ಕಂಡ ಜಾಗ ಒದ್ದೆಯೋ ಅಲ್ಲವೋ ಎಂದು ಮುಟ್ಟಿ ಅಳೆಯುವ ಮಾಯಿಶ್ಚರ್ ಮೀಟರಿನಿಂದ ಖಚಿತ ಮಾಡಿಕೊಳ್ಳಬೇಕು. ಗೋಡೆಯಲ್ಲಿ ಉಪ್ಪು ಕೂಡಿದ್ದರೆ ಆ ಮೀಟರೂ ತಪ್ಪು ಹೇಳುತ್ತದೆ, ಆಗ ಒಳಗಿನಿಂದ ಒಂದು ಹಿಡಿ ಪುಡಿ ಕೊರೆದು ತೆಗೆದು ತೂಗಿ, 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಬೇಕು. ಇಷ್ಟು ಮಾಡದೆ ಬರೀ ಚಿತ್ರ ತೋರಿಸಿ ಕೋಟಿಂಗ್ ಮಾರುವುದು ಪರೀಕ್ಷೆಯಲ್ಲ.

ಸರಿಯಾದ ಹೊತ್ತು ಯಾವುದು ಎಂದರೆ, ಗೋಡೆಗಳಿಗೆ ಅಕ್ಟೋಬರ್ ಕೊನೆಯಿಂದ ಜನವರಿಯ ತನಕ. ಮಳೆ ನಿಂತಿರುತ್ತದೆ, ಗೋಡೆಯೊಳಗೆ ನೀರು ಇನ್ನೂ ಉಳಿದಿರುತ್ತದೆ, ಗಾಳಿ ಒಣಗಿರುವುದರಿಂದ ಆರುವಿಕೆ ಜೋರಾಗಿರುತ್ತದೆ. ತಾರಸಿಗೆ ಬಿಸಿಲು ಕಾದ ದಿನದ ಸಂಜೆ, ಸೂರ್ಯ ಮುಳುಗಿ ಒಂದೆರಡು ಗಂಟೆಯ ಮೇಲೆ. ನೀರು ತನ್ನ ತೂಕಕ್ಕೆ ಕಾಂಕ್ರೀಟಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಶಾಖ ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಒಣ ಭಾಗ ಬೇಗ ತಣಿದ ಮೇಲೂ ನೀರು ಕುಡಿದ ಭಾಗ ಬೆಚ್ಚಗೆ ಉಳಿದಿರುತ್ತದೆ. ಗಮನಿಸಿ, ಈಗ ನೀರು ಬೆಚ್ಚಗೆ ಕಾಣುತ್ತಿದೆ. ನೀಲಿಯೆಲ್ಲ ನೀರು ಎಂದು ಕಲಿತವನು ಈ ತಾರಸಿಯನ್ನು ಪೂರ್ತಿ ತಲೆಕೆಳಗಾಗಿ ಓದುತ್ತಾನೆ. ಹೋಮ್‌ಸ್ಟೇಗಳ ಜಿಪ್ಸಮ್ ಸೀಲಿಂಗ್ ಮಾತ್ರ ಮಳೆಗಾಲದಲ್ಲೂ ಗುಟ್ಟು ಬಿಟ್ಟುಕೊಡುತ್ತದೆ, ಅದು ತೆಳು, ಮೇಲೆ ಬಿದ್ದ ತಣ್ಣನೆ ಮಳೆನೀರು ಕೂಡಲೇ ಕೆಳಗೆ ಕಾಣುತ್ತದೆ. ತಾಲ್ಲೂಕಿಗೆ ತಕ್ಕಂತೆ ಅನುಮಾನವೂ ಬದಲಾಗಬೇಕು. ಶೃಂಗೇರಿಯಲ್ಲಿ ಇರಚಲು ಮತ್ತು ಧರೆಯ ಒಸರನ್ನು ಮೊದಲು ಹುಡುಕಬೇಕು, ಹಿನ್ನೀರಿನ ಅಂಚಿನ ತಗ್ಗು ನೆಲದಲ್ಲಿ ಕೆಳಗಿನಿಂದ ಏರುವುದನ್ನು.

ಅನುಭವಿ ಮೇಸ್ತ್ರಿ ಗೋಡೆಗೆ ಕೈಯಿಟ್ಟರೆ ತೇವ ಗೊತ್ತಾಗುತ್ತದೆ, ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಮೇಸ್ತ್ರಿಗಳ ಮೇಲೆ ನನಗೆ ಗೌರವವಿದೆ, ಕ್ಯಾಮೆರಾದ ಚಿತ್ರಕ್ಕೆ ಅರ್ಥ ಬರುವುದೇ ಮನೆ ಕಟ್ಟಿದವರು ಪಕ್ಕದಲ್ಲಿ ನಿಂತು ಕಂಬ ಎಲ್ಲಿ, ಪೈಪು ಎಲ್ಲಿ ಎಂದು ಹೇಳಿದಾಗ. ಆದರೆ ಅಂಗೈಗೆ ತಣ್ಣನೆಯದೆಲ್ಲ ಒದ್ದೆಯಾಗಿಯೇ ತೋರುತ್ತದೆ, ಮತ್ತು ಹನ್ನೆರಡು ಅಡಿ ಎತ್ತರದಲ್ಲಿ ಶುರುವಾದ ಸೋರಿಕೆಗೆ ಕೈ ಎಟುಕುವುದಿಲ್ಲ. ಖರ್ಚಿನ ಮಾತು ಹೇಳುವವರೂ ಇದ್ದಾರೆ. ಫೋನಿಗೆ ಸಿಕ್ಕಿಸುವ ಸಣ್ಣ ಥರ್ಮಲ್ ಕ್ಯಾಮೆರಾ ಇಂದು ಸಾಧಾರಣ ಸ್ಮಾರ್ಟ್‌ಫೋನಿನ ಬೆಲೆಗೆ ಸಿಗುತ್ತದೆ. ಎರಡು ವರ್ಷಕ್ಕೊಮ್ಮೆ ಬಳಿದು ಕೆರೆಯುವ ಗೋಡೆಯ ಖರ್ಚಿನ ಎದುರು ಅದು ದೊಡ್ಡದಲ್ಲ, ಮತ್ತು ಪ್ರತಿ ಮನೆಗೂ ಒಂದು ಬೇಕಾಗಿಲ್ಲ. ನಮ್ಮ ಸಹಕಾರ ಸಂಘಗಳು ಒಂದು ಕ್ಯಾಮೆರಾ, ಒಂದು ಮಾಯಿಶ್ಚರ್ ಮೀಟರ್, ಒಂದು ಆರ್ದ್ರತೆ ಮಾಪಕ ಇಟ್ಟು ಊರಿನ ಇಬ್ಬರು ಹುಡುಗ ಹುಡುಗಿಯರಿಗೆ ಕಲಿಸಿದರೆ ನಾಲ್ಕು ತಿಂಗಳ ಚಳಿಗಾಲದಲ್ಲಿ ಸುತ್ತಿನ ಊರುಗಳ ಮನೆಗಳನ್ನು ನೋಡಿ ಮುಗಿಸಬಹುದು.

ಅದಕ್ಕೆ ಕೆಲವು ಕಟ್ಟುಪಾಡು ಬೇಕು. ಚಿತ್ರ ತೆಗೆದವರು ಕೋಟಿಂಗ್ ಮಾರಬಾರದು, ಮಾರುವವರು ಚಿತ್ರ ತೆಗೆಯಬಾರದು. ಕೊಡುವ ವರದಿಯಲ್ಲಿ ದಿನ, ಹೊತ್ತು, ಒಳಗಿನ ಮತ್ತು ಹೊರಗಿನ ಉಷ್ಣತೆ, ಆರ್ದ್ರತೆ, ಕೊನೆಯ ಮಳೆ ಯಾವಾಗ ಬಿತ್ತು ಎಂಬುದು, ಚಿತ್ರದ ಅಳತೆಪಟ್ಟಿ, ಮೀಟರಿನ ಅಳತೆ ಇರಬೇಕು, ನೀರಿನ ದಾರಿ ಯಾವುದೆಂದು ಒಂದು ವಾಕ್ಯದಲ್ಲಿ ಬರೆದಿರಬೇಕು. ಶುರು ಮಾಡಬೇಕಾದ್ದು ಸರ್ಕಾರಿ ಶಾಲೆ ಮತ್ತು ಅಂಗನವಾಡಿಗಳಿಂದ. ತೇವ ಮತ್ತು ಬೂಷ್ಟಿನ ಮನೆಗಳಲ್ಲಿ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದಕ್ಕೆಂದೇ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಹೇಳಿದೆ, ಮತ್ತು ನಮ್ಮ ಚಿಕ್ಕ ಮಕ್ಕಳು ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಥ ಗೋಡೆಗೇ ಬೆನ್ನು ಕೊಟ್ಟು ಕೂರುತ್ತಾರೆ. ಆ ಕಟ್ಟಡಗಳ ದುರಸ್ತಿಯ ಅಂದಾಜು ಪಟ್ಟಿಯಲ್ಲಿ ವಾಟರ್‌ಪ್ರೂಫಿಂಗ್‌ಗೆ ಹಣ ತೆಗೆದಿಡುವ ಮುನ್ನ ತೇವದ ಮೂಲ ಪತ್ತೆಗೆ ಒಂದು ಸಾಲು ಸೇರಿಸುವಂತೆ ಮೂರೂ ತಾಲ್ಲೂಕು ಪಂಚಾಯಿತಿಗಳನ್ನು ಪೋಷಕರು ಕೇಳಬೇಕು. ಈ ಸಲದ ಪಟ್ಟಿ ಬರೆಯುವ ಮುಂಚೆ, ನವೆಂಬರಿನ ಒಣ ಗಾಳಿ ಇರುವಾಗಲೇ ಗೋಡೆಗಳನ್ನು ನೋಡಿ ಮುಗಿಸಿದರೆ ಮುಂದಿನ ಮಳೆಗೆ ಮೊದಲು ಚರಂಡಿ ತೋಡಲು, ಸೂರು ಚಾಚಲು ಐದು ತಿಂಗಳು ಸಿಗುತ್ತದೆ.